ಕಡ್ಡಿಯಾಗಲೊಲ್ಲದ ಚಿನ್ನ

1857ರಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಮಾಣಿಕ್ಯದ ಬಣ್ಣದ ದ್ರವವೊಂದನ್ನು ತಯಾರಿಸಿದ. ಆ ಕೆಂಪಿಗೆ ಕಾರಣ ಅದರಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ಎಂದು ವಾದಿಸಿದ. ತುಸು ಉಪ್ಪು ಬೆರೆತರೆ ಸಾಕು, ಕಣಗಳು ಒಂದಕ್ಕೊಂದು ಅಂಟಿಕೊಂಡು ಕೆಂಪು ನೀಲಿಗೆ ತಿರುಗುತ್ತಿತ್ತು. ಜೆಲಟಿನ್‌ನಂಥ ವಸ್ತು ಸೇರಿಸಿದರೆ ಹಾಗಾಗದು. ಹೀಗಾಗಿ ಇಂಥ ಸ್ಥಿರಕಾರಿ ಅಣುಗಳೆಂದರೆ ಬಹುಕಾಲ ಬರೀ ಕಾವಲುಗಾರರು.

ಅವು ಶಿಲ್ಪಿಗಳೂ ಹೌದೆಂದು ತೋರಿಸಿದ ಪ್ರಯೋಗ 1996ರದು. ಅಟ್ಲಾಂಟಾದಲ್ಲಿ ಮುಸ್ತಫಾ ಎಲ್-ಸಯೀದ್ ಅವರ ತಂಡ ಪ್ಲಾಟಿನಮ್ ಲವಣಕ್ಕೆ ಬೆರೆಸುವ ಪಾಲಿಮರಿನ ಪ್ರಮಾಣವನ್ನಷ್ಟೇ ಬದಲಿಸಿತು. ಒಮ್ಮೆ ಹೆಚ್ಚಾಗಿ ಘನಾಕೃತಿಗಳು, ಇನ್ನೊಮ್ಮೆ ನಾಲ್ಕು ಮುಖದ ಪಿರಮಿಡ್ಡುಗಳು ಬಂದವು. ಹರಳಿನ ಎಲ್ಲ ಮುಖಗಳೂ ಒಂದೇ ಥರ ಇರುವುದಿಲ್ಲ. ಅಣುಗಳು ಬಿಗಿಯಾಗಿ ಹಿಡಿದುಕೊಂಡ ಮುಖದ ಮೇಲೆ ಹೊಸ ಪರಮಾಣು ಕೂರುವುದು ಕಷ್ಟ. ನಿಧಾನ ಬೆಳೆದ ಮುಖಗಳೇ ಕೊನೆಗೆ ಉಳಿದು ಕಣಕ್ಕೆ ರೂಪ ಕೊಡುತ್ತವೆ.

2001ರಲ್ಲಿ ಅಮೆರಿಕದ ಕ್ಯಾಥರೀನ್ ಮರ್ಫಿ ಅವರ ತಂಡ ಸಿಟಿಎಬಿ ಎಂಬ ಸಾಬೂನಿನಂಥ ಅಣುವಿನ ನೆರವಿನಿಂದ ಚಿನ್ನದ ಕಡ್ಡಿಗಳನ್ನು ಬೆಳೆಸಿತು. ಗಾಯ ತೊಳೆಯುವ ದ್ರವಗಳಲ್ಲಿರುವ ಸೆಟ್ರಿಮೈಡ್‌ಗೆ ಇದು ಹತ್ತಿರದ ನೆಂಟ. ಕಡ್ಡಿಯ ಮೈಗೆ ಸಿಟಿಎಬಿ ಎರಡು ಪದರವಾಗಿ ಹೊದ್ದುಕೊಳ್ಳುತ್ತದೆ, ಚಿನ್ನ ತುದಿಗಳಲ್ಲಿ ಕೂಡಿಕೊಳ್ಳುತ್ತದೆ ಎಂಬ ವಿವರಣೆ ಬಂತು. ಕಡ್ಡಿಗಳು ಮಾಂಸದೊಳಗೆ ಇಳಿಯಬಲ್ಲ ಅವಕೆಂಪು ಬೆಳಕನ್ನು ಹೀರಿ ಬಿಸಿಯಾಗುತ್ತವೆ. ಅದರಿಂದ ಕ್ಯಾನ್ಸರ್ ಗಡ್ಡೆಯನ್ನು ಸುಡಬಹುದೆಂಬ ಆಸೆಯೂ ಹುಟ್ಟಿತು.

ಆದರೆ ಪಾಕ ಎಲ್ಲರ ಕೈಗೂ ಹತ್ತಲಿಲ್ಲ. ಅದೇ ಅಳತೆ, ಅದೇ ಶಾಖ. ಆದರೂ ಕೆಲವೊಮ್ಮೆ ಬರೀ ಗುಂಡುಗಳು. ಇಂಥಲ್ಲಿ ಮೊದಲು ಅನುಮಾನ ಬೀಳುವುದು ಪ್ರಯೋಗ ಮಾಡಿದ ವಿದ್ಯಾರ್ಥಿಯ ಮೇಲೆಯೇ. 2008ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಬ್ರಯಾನ್ ಕೊರ್ಗೆಲ್ ಅವರ ತಂಡ ಬೇರೆಬೇರೆ ಕಡೆಯಿಂದ ಹತ್ತು ಸಿಟಿಎಬಿ ತರಿಸಿ, ಒಂದೇ ವಿಧಾನದಲ್ಲಿ ಪರೀಕ್ಷಿಸಿತು. ಮೂರರಲ್ಲಿ ಕಡ್ಡಿಗಳು ಬರಲೇ ಇಲ್ಲ. ಸೀಸೆಗಳ ಮೇಲಿದ್ದ ಹೆಸರು ಮಾತ್ರ ಒಂದೇ.

ಕಳ್ಳ ಸಿಕ್ಕಿದ್ದು ಮರುವರ್ಷ: ಸಿಟಿಎಬಿಯಲ್ಲಿ ಬೆರಕೆಯಾಗಿದ್ದ ಅಯೋಡೈಡ್. ಅದು ಬ್ರೋಮೈಡ್‌ಗಿಂತ ಗಟ್ಟಿಯಾಗಿ ಚಿನ್ನಕ್ಕೆ ಅಂಟುತ್ತದೆ. ಲೇಶ ಬಿದ್ದರೂ ಕಡ್ಡಿ ಕೆಡುತ್ತದೆ. ತಮಾಷೆಯೆಂದರೆ, ಚಿನ್ನದ ತ್ರಿಕೋನ ಬಿಲ್ಲೆಗಳನ್ನು ಬೆಳೆಸುತ್ತಿದ್ದ ಚಾಡ್ ಮರ್ಕಿನ್ ಅವರ ತಂಡ 2008ರಲ್ಲೇ ಇದಕ್ಕೆ ತದ್ವಿರುದ್ಧದ ಸಂಗತಿ ಕಂಡಿತ್ತು. ಅವರ ತ್ರಿಕೋನಗಳು ಮೂಡಬೇಕಾದರೆ ಆ ಅಯೋಡೈಡ್ ಇರಲೇಬೇಕಿತ್ತು.