ಮುಚ್ಚಿದ ಯಂತ್ರವನ್ನು ಓದುವ ಹಕ್ಕು

ಎಂಪಿ3 ಪ್ಲೇಯರ್ ಕೊಂಡವರಿಗೆ ಯಂತ್ರವೇನೋ ಸಿಗುತ್ತಿತ್ತು, ಅದನ್ನು ನಡೆಸುವ ಫರ್ಮ್‌ವೇರ್ ಮಾತ್ರ ತಯಾರಕರ ಗುಟ್ಟಾಗಿಯೇ ಉಳಿಯುತ್ತಿತ್ತು. ಫ್ಲ್ಯಾಶ್ ಚಿಪ್ಪಿನಿಂದ ಅದನ್ನು ಹೊರತೆಗೆಯುವುದು ಮೇಲ್ನೋಟಕ್ಕೆ ಕಳ್ಳತನದಂತೆ ಕಾಣುತ್ತದೆ. ಆದರೆ ಹಾಗೆ ಹೊರತೆಗೆದವರು ಅದರಿಂದ ಮಾಡಿದ್ದೇನು ಎಂದು ನೋಡಿದರೆ, ಕೊಂಡ ವಸ್ತುವನ್ನು ಓದಿ ತಿಳಿಯುವ ಹಕ್ಕನ್ನು ಅವರು ಕಾಪಾಡಿದರು ಎಂದೇ ಹೇಳಬೇಕಾಗುತ್ತದೆ.

2001ರ ಕೊನೆಯಲ್ಲಿ ಸ್ವೀಡನ್ನಿನ ಕೆಲವು ಪ್ರೋಗ್ರಾಮರ್‌ಗಳು ಆರ್ಕೋಸ್ ಜೂಕ್‌ಬಾಕ್ಸ್ ಎಂಬ ಪ್ಲೇಯರ್‌ಗಾಗಿ ರಾಕ್‌ಬಾಕ್ಸ್ ಎಂಬ ಬದಲಿ ಫರ್ಮ್‌ವೇರ್ ಬರೆಯಲು ತೊಡಗಿದಾಗ ಕೆಲಸ ಇನ್ನೂ ಸುಲಭವಾಗಿತ್ತು. ಆ ಯಂತ್ರ ಹಾರ್ಡ್‌ಡಿಸ್ಕಿನಲ್ಲಿ ಹೊಸ ಫರ್ಮ್‌ವೇರ್ ಇದ್ದರೆ ಅದನ್ನೇ ಎತ್ತಿಕೊಳ್ಳುತ್ತಿತ್ತು. ಕಡತವನ್ನು ತುಸು ಕಲಸಿಟ್ಟಿದ್ದರಷ್ಟೆ. 2004ರ ನಾಲ್ಕನೇ ತಲೆಮಾರಿನ ಐಪಾಡ್‌ನಲ್ಲಿ ದಾರಿ ಕಿರಿದಾಯಿತು. ಯಂತ್ರಾಂಶ ಬದಲಾಗಿತ್ತು, ಅದರ ವಿವರ ತಿಳಿಯಲು ಫ್ಲ್ಯಾಶ್‌ನಲ್ಲಿದ್ದ, ಯಂತ್ರವನ್ನು ಮೊದಲು ಎಬ್ಬಿಸುವ ಬೂಟ್‌ಲೋಡರ್ ಬೇಕಿತ್ತು. ಬೆಸುಗೆ ಹಾಕಿದ ಚಿಪ್ಪನ್ನು ಕೀಳಹೋದರೆ ಪ್ಲೇಯರೇ ಹಾಳಾಗುವ ಭಯ. ಐಪಾಡ್‌ನಲ್ಲಿ ಲಿನಕ್ಸ್ ನಡೆಸಲು ಹೊರಟಿದ್ದವರ ಪೈಕಿ ಜರ್ಮನಿಯ ಯುವಕನೊಬ್ಬ ಐಪಾಡ್‌ನ ಪುಟ್ಟ ಪೀಜೋ ಸ್ಪೀಕರ್‌ನಿಂದ ದತ್ತಾಂಶವನ್ನು ಟಿಕ್ ಟಿಕ್ ಸದ್ದಾಗಿ ಹೊರಡಿಸಿ, ಗದ್ದಲ ತಾಗದಂತೆ ಧ್ವನಿಮುದ್ರಿಸಿ, ಮತ್ತೆ ಬೈಟ್‌ಗಳಾಗಿ ಬಿಡಿಸಿಕೊಂಡ. 2006ರ ಎರಡನೇ ತಲೆಮಾರಿನ ಐಪಾಡ್ ನ್ಯಾನೋದಲ್ಲಿ ಫರ್ಮ್‌ವೇರ್ ಗೂಢಲಿಪೀಕರಣಗೊಂಡಿತ್ತು. ಅದರ ಬೀಗ ತೆರೆದದ್ದು 2009ರಲ್ಲಿ, ಟಿಪ್ಪಣಿ ಓದುವ ಸೌಲಭ್ಯದಲ್ಲಿದ್ದ ಒಂದು ದೋಷದ ಮೂಲಕ. ಬಾಗಿಲು ಬಿಗಿಯಾದಷ್ಟೂ ಓದುವ ವಿದ್ಯೆ ಪಳಗಿತು.

ಇದು ತಯಾರಕರ ಶ್ರಮದ ಅಪಹರಣವಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಮೂಲ ಫರ್ಮ್‌ವೇರನ್ನೇ ನಕಲು ಮಾಡಿ ಮಾರಿದ್ದರೆ ಅದು ಅಪಹರಣವೇ ಆಗುತ್ತಿತ್ತು. ರಾಕ್‌ಬಾಕ್ಸ್ ತಂಡ ಓದಿನಿಂದ ಯಂತ್ರಾಂಶದ ನಡವಳಿಕೆ ತಿಳಿದುಕೊಂಡು, ತಂತ್ರಾಂಶವನ್ನು ತಾನೇ ಬರೆದು ಮುಕ್ತ ಪರವಾನಗಿಯಡಿ ಹಂಚಿತು. ಹಾಡುಗಳ ಕಳ್ಳಸಾಗಣೆಗೆ ಇದು ದಾರಿ ಎಂಬ ಮಾತೂ ನಿಲ್ಲದು: ನಕಲು ತಡೆಯುವ ಡಿಆರ್‌ಎಂ ಬೀಗವಿದ್ದ ಹಾಡುಗಳನ್ನು ರಾಕ್‌ಬಾಕ್ಸ್ ನುಡಿಸುವುದೇ ಇಲ್ಲ. ಸಿಕ್ಕ ಲಾಭ ಬೇರೆಯದು. ಫ್ಲ್ಯಾಕ್, ಆಗ್ ವೋರ್ಬಿಸ್ ಕಡತಗಳು ಮೂಲದಲ್ಲಿ ಅವನ್ನು ನುಡಿಸುವ ಸೌಲಭ್ಯವಿಲ್ಲದ ಪ್ಲೇಯರ್‌ಗಳಲ್ಲೂ ನುಡಿದವು. ಮೆನುವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯದಿಂದ ಕಣ್ಣು ಕಾಣದವರೂ ಪರದೆಯ ಹಂಗಿಲ್ಲದೆ ತಮ್ಮ ಹಾಡು ಆರಿಸಿಕೊಂಡರು.

ಕಾನೂನೂ ಈ ವ್ಯತ್ಯಾಸವನ್ನು ಗುರುತಿಸಿದೆ. ಸ್ವತಂತ್ರವಾಗಿ ಬರೆದ ತಂತ್ರಾಂಶ ಇನ್ನೊಂದರೊಡನೆ ಹೊಂದಿ ನಡೆಯಲು ಅಗತ್ಯವಾದ, ಬೇರೆಡೆ ಸುಲಭವಾಗಿ ದೊರೆಯದ ಮಾಹಿತಿ ಪಡೆಯಲು ಯುರೋಪಿನ 1991ರ ನಿರ್ದೇಶನವೂ ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮೂ ಷರತ್ತುಗಳೊಡನೆ ಅವಕಾಶ ಕೊಟ್ಟಿವೆ. ಆ ಅವಕಾಶವನ್ನು ಉಳಿಸಿಕೊಳ್ಳಲೇಬೇಕು. ತಯಾರಕರು ಕೈಬಿಟ್ಟ ಯಂತ್ರವನ್ನು ಕೊಂಡವರು ಓದಬಲ್ಲರಾದರೆ ಮಾತ್ರ ಅದಕ್ಕೆ ಮತ್ತಷ್ಟು ಆಯಸ್ಸು ಇರುತ್ತದೆ.