ಕುಮಟಾ ಅರಳೆ

ನಮ್ಮ ತುಳಸಿಗೇರಿಯನ್ನೊಳಗೊಂಡ ಕಲಾದಗಿ ಸೀಮೆಯ ಎರೆನೆಲದ ಅರಳೆಗೆ ಪರದೇಶದ ಪೇಟೆಗಳಲ್ಲಿ ‘ಕುಮಟಾ’ ಎಂಬ ಹೆಸರಿದ್ದಿತೆಂದರೆ ವಾಚಕರು ಬೆರಗಾಗಬಹುದು. ಕುಮಟೆಯು ಅರಳೆ ಬೆಳೆವ ನಾಡಲ್ಲ. ಹೇರೆತ್ತುಗಳೂ ಬಂಡಿಗಳೂ ಘಟ್ಟವಿಳಿದು ಸೇರುತ್ತಿದ್ದ ಬಂದರವು. ಮಳೆಗಾಲದಲ್ಲಿ ಕಡಲು ಮುಚ್ಚುತ್ತಿದ್ದುದರಿಂದ ಮಾಲೆಲ್ಲವೂ ಅದಕ್ಕೆ ಮುನ್ನವೇ ಹಾಯಿಹಡಗುಗಳಲ್ಲಿ ಮುಂಬಯಿಗೆ ಸಾಗಬೇಕಾಗುತ್ತಿತ್ತು. 1861ರಲ್ಲಿ ಅಮೇರಿಕೆಯ ಅಂತರ್ಯುದ್ಧವು ತೊಡಗಲು ಬೆಲೆಯೇರಿತು. 1862ರಲ್ಲಿ ಉತ್ತರ ಕನ್ನಡವು ಮದ್ರಾಸದಿಂದ ಮುಂಬಯಿ ಇಲಾಖೆಗೆ ಸೇರಿತು. ಬೆಲೆಯೊಡನೆ ಲೋಭವೂ ಏರಿತು: ಕಸ ಬೆರಸುವದನ್ನು ತಡೆಯಲು 1863ರಲ್ಲಿ ಕಾಯಿದೆಯೇ ಬೇಕಾಯಿತು. 1884ರ ಸುಮಾರಿಗೆ ಬಾಗಲಕೋಟೆಯ ಮೇಲೆ ಹಾಯ್ದ ಹೊಟಗಿ-ಗದಗ ರೇಲ್ವೆಯು ಅರಳೆಯ ದಾರಿಯನ್ನೇ ತಿರುಗಿಸಿತು. ಬಂದರದ ವೈಭವವಳಿದರೂ ಅದರ ಹೆಸರು ಅರಳೆಗುಳಿಯಿತು. ಬಿತ್ತಿ ಬೆಳೆದ ಹಳ್ಳಿಗಳಿಗೆ ಆ ಕೀರ್ತಿಯ ಪಾಲು ದೊರೆಯಲಿಲ್ಲ. ಅದನ್ನು ಇತಿಹಾಸದಲ್ಲಿ ಬರೆದಿಡುವದು ನಮ್ಮ ಋಣವಾಗಿದೆ.