ಕಾಲು ನೆಟ್ಟಗಾದರೆ ಸಾಕೇ? ಪೆಡಸು ಮೂಳೆಯ ಶಸ್ತ್ರಚಿಕಿತ್ಸೆಯ ಚರಿತ್ರೆ ಮತ್ತು ಗಡಿಸೀಮೆ

ಹಿಂದೂಪುರ, ಕಲ್ಯಾಣದುರ್ಗ, ಗಡಿಯ ಈಚೆಗೆ ಪಾವಗಡ: ಕನ್ನಡ, ತೆಲುಗು ಎರಡನ್ನೂ ಆಡುವ ಈ ಬರಸೀಮೆಯಲ್ಲಿ ಹದಿಹರೆಯದವರ ಕಾಲು ಸೊಟ್ಟಗಾದರೆ ಮೊದಲ ಅನುಮಾನ ಬೋರ್‌ವೆಲ್ ನೀರಿನ ಮೇಲೆ. ಅದು ನಿರಾಧಾರವಲ್ಲ. ಫ್ಲೋರೈಡ್‌ನಿಂದ ಮೂಳೆ ಕೆಡುವುದನ್ನು 1937ರಲ್ಲೇ ಶಾರ್ಟ್ ಮತ್ತು ಸಂಗಡಿಗರು ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದ್ದರು. 1973ರಲ್ಲಿ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ, ಫ್ಲೋರೈಡ್ ಪ್ರದೇಶದಲ್ಲಿ ಮೊಣಕಾಲುಗಳು ಒಳಕ್ಕೆ ತಾಗುವ ವಿಕಾರವೂ ಮೂಳೆ ಸವಕಳಿಯೂ ಒಟ್ಟಿಗೆ ಬರುವುದನ್ನು ‘ಲ್ಯಾನ್ಸೆಟ್’ನಲ್ಲಿ ದಾಖಲಿಸಿದರು. ಆದರೆ ಅದೇ ನೀರು ಕುಡಿಯುವ ಊರಲ್ಲಿ, ಕೊಲಾಜೆನ್ ಎಂಬ ಪ್ರೋಟೀನಿನ ದೋಷದಿಂದ ಹುಟ್ಟಿನಿಂದಲೇ ಮೂಳೆ ಪೆಡಸಾಗಿರುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ರೋಗದ ಮಗುವೂ ಇರಬಹುದು. ಈ ರೋಗದ ಶಸ್ತ್ರಚಿಕಿತ್ಸೆಯ ಚರಿತ್ರೆ ಒಂದು ಪಾಠ ಕಲಿಸುತ್ತದೆ: ಮೂಳೆ ಏಕೆ ಬಾಗಿತೆಂದು ತಿಳಿಯದೆ ನೆಟ್ಟಗೆ ಮಾಡಿದ ಕಾಲು ನೆಟ್ಟಗೆ ಉಳಿಯುವುದಿಲ್ಲ.

ಈ ಪಾಠ ಒಂದೊಂದು ಸೋಲಿನಿಂದ ಬಂತು. 1959ರಲ್ಲಿ ಅಮೆರಿಕದ ಸೋಫೀಲ್ಡ್ ಮತ್ತು ಮಿಲ್ಲರ್ ತಮ್ಮ ಹತ್ತು ವರ್ಷಗಳ ಅನುಭವ ಪ್ರಕಟಿಸಿದರು. ಬಾಗಿದ ಮೂಳೆಯನ್ನು ಹಲವು ತುಂಡು ಮಾಡಿ, ಮಣಿ ಪೋಣಿಸಿದಂತೆ ಉಕ್ಕಿನ ಸರಳಿಗೆ ಏರಿಸುವುದು ಅವರ ವಿಧಾನ. ಸರಳು ಮೂಳೆಯ ಒಳಗೇ ಉಳಿದು ಭಾರ ಹೊರುತ್ತಿತ್ತು. ಮೂಳೆಯ ಹೊರಮೈಗೆ ಬಿಗಿದ ಪ್ಲೇಟಾದರೆ ಅದರ ತುದಿಯಲ್ಲೇ ಒತ್ತಡ ಕೂಡಿ ಮತ್ತೆ ಮುರಿತವಾಗುತ್ತದೆ. ಆದರೆ ಮಗು ಬೆಳೆಯಿತು, ಸರಳು ಬೆಳೆಯಲಿಲ್ಲ; ಸರಳು ತಲುಪದ ತುದಿ ಮತ್ತೆ ಬಾಗಿತು. ಈ ಕೊರತೆಗೆ ಉತ್ತರವಾಗಿ 1963ರಲ್ಲಿ ಬೈಲಿ ಮತ್ತು ಡುಬೋ ಒಂದರೊಳಗೊಂದು ಜಾರುವ ಸರಳನ್ನು ತಂದರು. 2000ರ ಸುಮಾರಿಗೆ ಮಾಂಟ್ರಿಯಲ್‌ನ ಫಾಸಿಯೆ–ಡುವಾಲ್ ಸರಳು ತಿರುಪಿನ ತುದಿಗಳಿಂದ ಮೂಳೆಯ ಎರಡೂ ಕೊನೆಗಳನ್ನು ಹಿಡಿದು, ಕೀಲನ್ನು ಅಗಲವಾಗಿ ತೆರೆಯುವ ಅಗತ್ಯವನ್ನು ತಗ್ಗಿಸಿತು. ಹದಿಹರೆಯದಲ್ಲಿ ಲೆಕ್ಕ ಬದಲಾಗುತ್ತದೆ. ಬೆಳವಣಿಗೆ ಮುಗಿಯುತ್ತ ಬಂದವರಿಗೆ ಉದ್ದವಾಗುವ ಸರಳಿಗಿಂತ, ಮೂಳೆ ತಿರುಚದಂತೆ ಎರಡೂ ತುದಿಯಲ್ಲಿ ಸ್ಕ್ರೂ ಹಾಕುವ ನೇಲ್ (ಮೂಳೆಯೊಳಗಿನ ಗಟ್ಟಿ ಸರಳು) ಹೆಚ್ಚು ಹೊಂದಬಹುದು. ಎಕ್ಸ್‌ರೇಯಲ್ಲಿ ಇವರ ಕಣಕಾಲಿನ ಮೂಳೆ ಕತ್ತಿಯಂತೆ ಮುಂದಕ್ಕೆ ಬಾಗಿ, ಮಜ್ಜೆಯ ನಾಳ ನೇಲ್ ತೂರದಷ್ಟು ಕಿರಿದಾಗಿರುವುದುಂಟು. ಆಗ ಬಾಗಿದ ಕಡೆ ಕತ್ತರಿಸಿ, ನಾಳವನ್ನು ಕೊರೆದೇ ದಾರಿ ಮಾಡಬೇಕು.

ಔಷಧಿ ಬಂದ ಮೇಲೆ ಕತ್ತರಿ ಏಕೆ ಎಂಬ ಆಕ್ಷೇಪ ಏಳಬಹುದು. 1998ರಲ್ಲಿ ಗ್ಲೋರಿಯೊ ಮತ್ತು ಸಹೋದ್ಯೋಗಿಗಳು ಪಮಿಡ್ರೊನೇಟ್ ಎಂಬ ಔಷಧಿಯಿಂದ ಮಕ್ಕಳ ಮೂಳೆ ಸಾಂದ್ರತೆ ಹೆಚ್ಚಿ ಮುರಿತ ಕಡಿಮೆಯಾದುದನ್ನು ತೋರಿಸಿದ್ದು ನಿಜ. ಆದರೆ ಔಷಧಿ ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವುದಿಲ್ಲ. ಬಾಗಿದ ಕಾಲು ಹೆಜ್ಜೆ ಇಟ್ಟಾಗಲೆಲ್ಲ ಅದೇ ಜಾಗದಲ್ಲಿ ಒತ್ತಡ ಕೂಡಿ ಮತ್ತೆ ಮುರಿಯುತ್ತದೆ. ಅಷ್ಟೇ ಅಲ್ಲ, ಪಮಿಡ್ರೊನೇಟ್ ನಡೆಯುತ್ತಿರುವಾಗ ಕತ್ತರಿಸಿದ ಮೂಳೆ ಕೂಡುವುದು ತಡವಾಗುವುದೂ ಕಂಡುಬಂದಿದೆ. ಹಾಗಾಗಿ ಔಷಧಿ, ಶಸ್ತ್ರಚಿಕಿತ್ಸೆ ಎರಡನ್ನೂ ಒಂದಕ್ಕೊಂದು ಹೊಂದಿಸಿ ನಡೆಸಬೇಕು.

ನೀರು ಶುದ್ಧವಾದರೆ ಸಾಲದೇ ಎಂಬುದು ಎರಡನೆಯ ಆಕ್ಷೇಪ. 1990ರ ದಶಕದ ನಡುವೆ ಸತ್ಯಸಾಯಿ ಟ್ರಸ್ಟ್ ಅನಂತಪುರ ಜಿಲ್ಲೆಯಲ್ಲಿ ಕೈಗೊಂಡ ಕುಡಿಯುವ ನೀರಿನ ಯೋಜನೆ ದೊಡ್ಡ ಕೆಲಸವೇ. ಆದರೆ ಶುದ್ಧ ನೀರು ಹೊಸ ಹಾನಿಯನ್ನು ತಡೆಯುತ್ತದೆ. ಆಗಲೇ ಸೊಟ್ಟಗಾದ ಮೊಣಕಾಲನ್ನು ತಿದ್ದದು, ಜನ್ಮಜಾತ ರೋಗವನ್ನಂತೂ ಮುಟ್ಟದು. ನೀರಿನ ಹಾನಿ, ಜನ್ಮಜಾತ ರೋಗ ಎರಡನ್ನೂ ಬೇರ್ಪಡಿಸುವ ಸುಳಿವುಗಳು ಹಳ್ಳಿಯಲ್ಲೇ ಸಿಗುತ್ತವೆ. ಅಕ್ಕಪಕ್ಕದ ಮಕ್ಕಳ ಹಲ್ಲಲ್ಲೂ ಕಂದು ಕಲೆಯಿದ್ದರೆ ನೀರಿನ ಕಡೆ ನೋಡಬೇಕು. ಶೈಶವದಿಂದಲೇ ಪದೇಪದೇ ಮುರಿತ, ನೀಲಿ ಛಾಯೆಯ ಕಣ್ಣಿನ ಬಿಳಿಭಾಗ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ತೊಂದರೆ ಇದ್ದರೆ ಜೀನಿನ ಕಡೆ. ಎರಡೂ ಒಬ್ಬರಲ್ಲೇ ಕೂಡಿರಬಹುದು ಎಂಬುದನ್ನೂ ಮರೆಯುವಂತಿಲ್ಲ. ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಕಲ್ಯಾಣದುರ್ಗ, ಬತ್ತಲಪಲ್ಲಿ ಆಸ್ಪತ್ರೆಗಳಂಥ ಹತ್ತಿರದ ಕೇಂದ್ರಗಳಲ್ಲೇ ಈ ವಿಂಗಡಣೆ ನಡೆದರೆ, ಕ್ಲಿಷ್ಟ ಮೂಳೆಗಳನ್ನು ಮಾತ್ರ ಬೆಂಗಳೂರಿಗೆ ಕಳಿಸಬಹುದು. ಸರಳು ಆರಿಸುವುದು ಶಸ್ತ್ರವೈದ್ಯರ ಕೆಲಸ. ಯಾವ ಕಾಲಿಗೆ ಸರಳು, ಯಾವುದಕ್ಕೆ ಬರೀ ಮೂಳೆ ತಿದ್ದುವಿಕೆ, ಯಾವ ಮನೆಗೆ ಬೇರೆ ನೀರು ಎಂಬ ತೀರ್ಮಾನ ಮಾತ್ರ ಅದಕ್ಕಿಂತ ಮೊದಲೇ ಆಗಬೇಕು.